ನನ್ನ ಪೆಟ್ಟಿಗೆಯಲ್ಲಿ ನಿನ್ನ ಕಾಗದ

ಖಾಲಿದಿಯಾ, ಅಬುಧಾಬಿ
5 ಅಕ್ಟೋಬರ್ 2012

ತಂಗಿ ಸುಸನ್‌ಗೆ ಅಕ್ಕ ಮೆಟಿಲ್ಡಾ ಮಾಡುವ ಆಶೀರ್ವಾದಗಳು.

ನಿನ್ನ ಮೊಬೈಲನ್ನು ನೀನು ಕೆಲಸಕ್ಕಿರುವ ಮನೆಯವರು ತೆಗೆದಿಟ್ಟುಕೊಂಡಿದ್ದಾರೆಂದು ಡೆನಿಸ್ ಹೇಳಿದ. ಅದಕ್ಕೇ ಈ ಕಾಗದ. ಚಿಕ್ಕಪ್ಪನ ಮಗ ಒಂದು ದಿನ ನಮ್ಮ ಉಪಯೋಗಕ್ಕೆ ಬಂದಾನು ಎಂದು ನಾನಂತೂ ಎಣಿಸಿರಲಿಲ್ಲ. ದುಬೈಯ ರಾಸ್ ಅಲ್ ಖೋರ್ ಮಂಡಿಯಿಂದ ತರಕಾರಿ ತುಂಬಿಕೊಂಡು ಸೋಮವಾರ ನನ್ನ ಬಾಗಿಲಿಗೆ ಬರುತ್ತಾನೆ, ಮಂಗಳವಾರ ಅಲ್ ಐನ್‌ನಲ್ಲಿ ನಿನ್ನ ಬಾಗಿಲಿಗೆ. "ಕೊತ್ತಂಬರಿ ಕಟ್ಟಿನ್ಯಾಗ ಇಡು ಅಕ್ಕಾ, ಯಾರಿಗೂ ಗೊತ್ತಾಗಂಗಿಲ್ಲ" ಎಂದ. ಮನೆಯಲ್ಲಿ ಕೊಂಕಣಿ ಆಡಿ ಬೆಳೆದರೂ ಕಾಗದಕ್ಕೆ ನಮಗೆ ಬರುವುದು ಹಳಿಯಾಳದ ಶಾಲೆಯ ಕನ್ನಡ ಒಂದೇ. ತಪ್ಪಿದ್ದರೆ ನಗಬೇಡ. ನೀನು ಏಳನೇ ಇಯತ್ತೆ ಮುಗಿಸಿದವಳು, ನಾನು ಐದಕ್ಕೇ ಬಿಟ್ಟವಳು.

ನನಗೆ ನಿನ್ನಿಂದ ಒಂದು ಕೆಲಸ ಆಗಬೇಕು.

ನಾನು ನೋಡಿಕೊಳ್ಳುವ ಮುದುಕಿಯ ವಿಷಯ ನಿನಗೆ ಗೊತ್ತಲ್ಲ, ಮಾಮಾ ಮರ್ಯಮ್. ಇಲ್ಲಿ ಮನೆಯೊಡತಿಯನ್ನು ಮಾಮಾ ಎಂದೇ ಕರೆಯಬೇಕು. ಈ ದೇಶದವರೇ, ಅರಬ್ಬಿಯೇ ಅವರ ಮಾತು, ಮಗ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದಾನೆ. ಆದರೆ ಬಣ್ಣ, ಕೂದಲು, ತುಟಿ ಎಲ್ಲ ನಮ್ಮದೇ. ಒಂಬತ್ತು ವರ್ಷದ ಹಿಂದೆ ನಾನು ಮೊದಲ ದಿನ ಚಹಾ ತಂದುಕೊಟ್ಟಾಗ ಗಲ್ಲ ಹಿಡಿದೆತ್ತಿ, ಬೊಂಬಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗಿದ್ದಾಗ ಕಲಿತ ಹಿಂದಿಯಲ್ಲಿ, "ಈ ಮುಖ ನಮ್ಮ ಮನೇದು" ಎಂದಿದ್ದರು. ಅವರ ತಾಯಿಯನ್ನು ಆಫ್ರಿಕಾದಿಂದ ಹಾಯಿಹಡಗಿನಲ್ಲಿ ತಂದು ಈ ದಡದಲ್ಲಿ ಮಾರಿದ್ದರಂತೆ. ನಾವು ಸಿದ್ದಿಗಳು, ನಮ್ಮವರನ್ನು ಪೋರ್ತುಗೀಸರು ಗೋವೆಗೆ ತಂದು ಮಾರಿದರು, ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು ಎಂದು ನಾನೂ ಹೇಳಿದೆ. ಅಲ್ಲಿಂದ ನಾನು ಕೆಲಸದವಳಲ್ಲ. ಊಟಕ್ಕೆ ನಾನೇ ಬೇಕು, ಕಾಲೊತ್ತಲು ನಾನೇ ಬೇಕು. ಹೆಣ್ಣುಮಕ್ಕಳು ಬಂದರೂ "ಮೆಟಿಲ್ಡಾ ಎಲ್ಲಿ?" ಎನ್ನುತ್ತಾರೆ. ನನ್ನನ್ನು ಹೀಗೆ ಕೇಳುವವರು ನನ್ನ ಜನ್ಮದಲ್ಲಿ ಇವರೊಬ್ಬರೇ.

ಈಗ ದಿನಾ ಒಂದೇ ಪ್ರಶ್ನೆ: "ನಿಮ್ಮವರು ಅಲ್ಲಿಂದ ತಂದ ಮಾತು ಒಂದಾದರೂ ಉಳಿದಿದೆಯಾ?" ನನಗೆಲ್ಲಿ ಗೊತ್ತು? ಲೂರ್ದಜ್ಜಿ ಭತ್ತ ಕುಟ್ಟುವಾಗ ಹಾಡುತ್ತಿದ್ದಳಲ್ಲ, ಯಾರಿಗೂ ಅರ್ಥವಾಗದ ಹಾಡು, ಅದನ್ನು ನಿನಗಷ್ಟೇ ಕಲಿಸಿದಳು. ನಾನು ಹೊರಗೆ ಸೌದೆ ಒಡೆಯುತ್ತಾ ಗೋಡೆಯಾಚೆಯಿಂದ ಕೇಳಿದವಳು. ತೀರಿಹೋದ ಹಿರಿಯರ ಹೆಸರಿನ ತೆಂಗಿನಕಾಯಿ ಇಡುವ ಹಕ್ಕನ್ನೂ ನಿನ್ನ ಕೈಗೇ ಕೊಟ್ಟಳು. ವರ್ಷಕ್ಕೊಮ್ಮೆ ಹಳೆಯ ಕಾಯಿ ತೆಗೆದು ಹೊಸದಿಡಲು ಮನೆಯ ದೊಡ್ಡ ಮಗಳು ಇರುವಾಗ ಚಿಕ್ಕವಳನ್ನು ಕರೆದ ಮನೆ ನಮ್ಮ ಕೇರಿಯಲ್ಲಿ ಇನ್ನೊಂದಿಲ್ಲ. ಇರಲಿ ಬಿಡು. ಅಜ್ಜಿ ಹೋಗಿ ಮೂರು ವರ್ಷವಾಯಿತು.

ಹಾಡನ್ನು ಬರೆದು ಕಳಿಸು. ಮರೆಯಬೇಡ.

ನಿನ್ನ ಅಕ್ಕ,
ಮೆಟಿಲ್ಡಾ


ಅಲ್ ಐನ್
15 ಅಕ್ಟೋಬರ್ 2012

ಅಕ್ಕನಿಗೆ ಸುಸನ್‌ಳ ನಮಸ್ಕಾರ.

ನಿನ್ನ ಕಾಗದಕ್ಕೆ ಕೊತ್ತಂಬರಿ ವಾಸನೆ ಹಿಡಿದಿತ್ತು. ಎರಡು ಸಲ ಓದಿ ಒಲೆಗೆ ಹಾಕಿದೆ, ಇಟ್ಟುಕೊಳ್ಳಲು ಇಲ್ಲಿ ಜಾಗವಿಲ್ಲ. ಬಟ್ಟೆ ಒಗೆಯುವ ಮಿಷಿನ್ನಿನ ಪಕ್ಕದಲ್ಲೇ ನನ್ನ ಹಾಸಿಗೆ. ಅದು ತಿರುಗುವಾಗ ಗೋಡೆಯೂ ನಡುಗುತ್ತದೆ, ಈಗ ಅಭ್ಯಾಸವಾಗಿದೆ.

ಹಾಡನ್ನು ಬೇರೆ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಟ್ಟಿದ್ದೇನೆ. ಅಜ್ಜಿ ಹೇಳಿದ ಅರ್ಥ ಇಷ್ಟು: ಹಡಗಿನ ತಳದಲ್ಲಿ ಕಟ್ಟಿಹಾಕಿದ ಹೆಂಗಸು ನೀರು ಕೇಳುತ್ತಾಳೆ. ಅದರಲ್ಲಿ ಬರುವ 'ಮಾಜಿ' ಎಂದರೆ ನೀರು. ಆಕೆಯ ಜೊತೆಗಿದ್ದವರಲ್ಲಿ ಅರ್ಧ ಜನ ಗೋವೆಯ ದಡ ಕಾಣಲಿಲ್ಲ. ಉಳಿದವರನ್ನು ಸಾಲಾಗಿ ನಿಲ್ಲಿಸಿ ಒಬ್ಬ ಪಾದ್ರಿ ತಲೆಗೆ ನೀರು ಹಾಕಿ ಹೆಸರಿಟ್ಟ. ಕೇಳಿದಾಗ ಕೊಡದ ನೀರನ್ನು ಹೆಸರಿಡುವಾಗ ತಲೆಗೆ ಸುರಿದರು ಎಂದು ಅಜ್ಜಿ ನಗುತ್ತಿದ್ದಳು. ಲೂರ್ದ್, ಡೆನಿಸ್, ಮೆಟಿಲ್ಡಾ, ಸುಸನ್ ಎಲ್ಲ ಹಾಗೆ ಬಂದವು. ಅದಕ್ಕೆ ಮೊದಲಿನ ನಮ್ಮ ಹೆಸರು ಅಜ್ಜಿಗೂ ಗೊತ್ತಿರಲಿಲ್ಲ.

ಕಾಯಿಯ ಮಾತು ಎತ್ತಿದೆ, ಅದಕ್ಕೆ ಹೇಳುತ್ತೇನೆ. ಅಜ್ಜಿ ನನ್ನನ್ನು ಕರೆದದ್ದು ಪ್ರೀತಿ ಹೆಚ್ಚಾಗಿ ಅಲ್ಲ. "ಮೆಟಿಲ್ಡಾ ಎಲ್ಲಿ ಬಿಟ್ಟರೂ ಬದುಕ್ತಾಳ. ಈಕಿ ಮನಿ ಬಿಟ್ಟು ಎಲ್ಲಿಗೂ ಹೋಗಾಕಿಯಲ್ಲ" ಎಂದಿದ್ದಳು. ನೋಡು, ನಾನೂ ಬಂದುಬಿಟ್ಟೆ. ಕಾಯಿಯನ್ನು ಈಗ ಡೆನಿಸನ ತಾಯಿ ನೋಡಿಕೊಳ್ಳುತ್ತಿದ್ದಾರೆ.

ಇಲ್ಲಿಯ ಮನೆಯೊಡತಿ ಬಾಯಿಯವರು ನಮ್ಮ ಕರಾವಳಿಯವರೇ, ಕೊಂಕಣಿಯವರೇ. ವಿಮಾನದಿಂದ ಇಳಿದ ದಿನವೇ ಪಾಸ್‌ಪೋರ್ಟ್ ಇಸಿದುಕೊಂಡರು, ಕಳೆದುಹೋಗುತ್ತದೆ ಎಂದು. ತಮ್ಮ ಅಜ್ಜನ ಮನೆಯಲ್ಲೂ ಇಬ್ಬರು ಸಿದ್ದಿಗಳಿದ್ದರು, ಒಂದು ದಿನ ಸಂಬಳ ಅಂತ ಬಾಯಿ ಬಿಟ್ಟವರಲ್ಲ ಎಂದು ಬಂದ ನೆಂಟರಿಗೆಲ್ಲ ಹೇಳುತ್ತಾರೆ. ನಾನು ಚಹಾ ಕೊಟ್ಟು ಒಳಗೆ ಬರುತ್ತೇನೆ. ಅವರ ಮಕ್ಕಳು ಮಾತ್ರ ಒಳ್ಳೆಯವು.

ನಿನ್ನ ಮಾಮಾ ಹಾಡು ಕೇಳಿ ಏನೆಂದರು, ತಪ್ಪದೆ ಬರೆ.

ನಿನ್ನ ತಂಗಿ,
ಸುಸನ್


ಖಾಲಿದಿಯಾ
28 ಅಕ್ಟೋಬರ್ 2012

ಸುಸನ್,

ಮೊನ್ನೆ ಬಕ್ರೀದಿಗೆ ಹೆಣ್ಣುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಮನೆ ತುಂಬ ಜನ. ಎಲ್ಲರೆದುರು ಹಾಡಿದೆ. ನನ್ನ ದನಿ ಹೇಗೆಂದು ನಿನಗೆ ಗೊತ್ತಲ್ಲ, ಆದರೂ ಹಾಡಿದೆ. 'ಮಾಜಿ' ಬಂದ ಕೂಡಲೇ ಮಾಮಾ ನನ್ನ ಮಣಿಕಟ್ಟು ಹಿಡಿದರು. ಅವರ ತಾಯಿ ಸಾಯುವ ಮುಂಚೆ ಅರಬ್ಬಿಯೆಲ್ಲ ಮರೆತು ಆ ಒಂದು ಮಾತಿನಲ್ಲಿ ನೀರು ಕೇಳಿದ್ದರಂತೆ. ಮುದುಕಿ ಮಗುವಿನ ಹಾಗೆ ಅತ್ತುಬಿಟ್ಟಿತು. ಮಗ ಬಂದು ನನಗೆ ತಲೆಬಾಗಿ ಶುಕ್ರನ್ ಹೇಳಿದ.

ಯಾರು ಕಲಿಸಿದ್ದು ಎಂದು ಕೇಳಿದರು. ನಮ್ಮಜ್ಜಿ ಎಂದೆ. ಸುಳ್ಳೇನಲ್ಲವಲ್ಲ.

ಹಬ್ಬದ ಖರ್ಜೂರ ಕಳಿಸಿದ್ದೇನೆ. ಡೆನಿಸ್ ದಾರಿಯಲ್ಲಿ ತಿನ್ನದಿದ್ದರೆ ನಿನಗೆ ಸಿಗುತ್ತದೆ.

ಅಕ್ಕ,
ಮೆಟಿಲ್ಡಾ


ಖಾಲಿದಿಯಾ
31 ಅಕ್ಟೋಬರ್ 2012

ಸುಸನ್,

ಈ ಕಾಗದವನ್ನು ಯಾವ ಕೊತ್ತಂಬರಿಯಲ್ಲೂ ಇಡುವುದಿಲ್ಲ. ಬರೆದು ನನ್ನ ಪೆಟ್ಟಿಗೆಗೆ ಹಾಕುತ್ತೇನೆ. ಯಾರ ಹತ್ತಿರವಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ.

ಸೋಮವಾರ ಡೆನಿಸ್ ಟೊಮೆಟೊ ಇಳಿಸಲು ಅಡುಗೆಮನೆಗೆ ಬಂದ. ಮಾಮಾ ಗಾಲಿಕುರ್ಚಿಯಲ್ಲಿ ಅಲ್ಲೇ ಇದ್ದರು. ನಿನ್ನಕ್ಕ ಎಷ್ಟು ಚೆನ್ನಾಗಿ ಹಾಡಿದಳು ಎಂದು ಅವನಿಗೆ ಹೇಳಿದರು. ಈ ಪುಣ್ಯಾತ್ಮ ಹಲ್ಲು ಕಿರಿದು ಏನೆಂದ ಗೊತ್ತಾ? "ಅಕ್ಕಗೆಲ್ಲಿ ಬರ್ತೈತಿ ಮಾಮಾ, ಅದು ಸುಸನ್ ಬರದು ಕೊಟ್ಟದ್ದು. ಕತಿ ಎಲ್ಲಾ ಆಕಿಗೇ ಗೊತ್ತು." ಆಮೇಲೆ ಹೊರಗೆಳೆದು ಬೈದರೆ, "ನಂಗೇನ್ ಗೊತ್ತಿತ್ತು, ಕೇಳಿದ್ರು, ಹೇಳ್ದೆ" ಅಂದ.

ಮಾಮಾ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ಬಗ್ಗೆ ಕೇಳತೊಡಗಿದರು. ಎಷ್ಟು ವಯಸ್ಸು, ಎಲ್ಲಿ ಮಲಗುತ್ತಾಳೆ, ಪಾಸ್‌ಪೋರ್ಟ್ ಯಾರ ಹತ್ತಿರ, ಊರಿಗೆ ಹೋಗಲು ಬಿಡುತ್ತಾರಾ. ಡೆನಿಸ್ ಎಲ್ಲ ಒದರಿದ. ಸಂಜೆ ಮಗನನ್ನು ಕರೆಸಿ, "ಯಲ್ಲಾ, ಬೇಗ ಆ ಹುಡುಗಿಯನ್ನು ಬಿಡಿಸು, ಇಲ್ಲಿಗೆ ತಾ" ಎಂದರು. ಮಗ ನನ್ನ ಕಡೆ ತಿರುಗಿ ಹೇಳಿದ: "ಅವಳ ಪಾಸ್‌ಪೋರ್ಟ್, ವೀಸಾದ ಕಾಪಿ ಇದ್ದರೆ ಕೊಡು. ನಂಬರ್ ಸಿಕ್ಕಿದರೆ ವೀಸಾ ಯಾರದೆಂದು ಹುಡುಕಿ ಒಂದು ಫೋನು ಮಾಡುತ್ತೇನೆ, ಖಲಾಸ್."

ಕಾಪಿ ನನ್ನ ಹತ್ತಿರ ಇದೆ. ನೀನು ಬಂದ ವಾರವೇ, ಯಾವುದಕ್ಕೂ ಇರಲಿ ಎಂದು ಡೆನಿಸ್ ನಿನ್ನ ವೀಸಾ ಅರ್ಜಿ ತುಂಬಿದ ಟೈಪಿಂಗ್ ಸೆಂಟರಿನಿಂದ ತಂದುಕೊಟ್ಟಿದ್ದ. ಬಿಳಿ ಸೀರೆಯ ಮಡಿಕೆಯಲ್ಲಿಟ್ಟಿದ್ದೇನೆ, ಈಗ ತಾನೇ ಮುಟ್ಟಿ ನೋಡಿದೆ. ಫೋಟೋದಲ್ಲಿ ನೀನು ಹೆದರಿದ ಕುರಿಮರಿಯ ಹಾಗಿದ್ದೀಯ.

"ಎಲ್ಲೋ ಇಟ್ಟಿದ್ದೆ, ಸಿಗುತ್ತಿಲ್ಲ, ಹುಡುಕುತ್ತೇನೆ" ಎಂದೆ.

ಹೌದು, ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ. ಅಮ್ಮ ನಿನ್ನನ್ನು ಹೆತ್ತು ಹೋದಳು, ನಾನು ಏಳು ವರ್ಷದವಳು ನಿನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದೆ. ಅಜ್ಜಿ ನಿನ್ನವಳಾದಳು. ಕೇರಿಯವರ ಬಾಯಲ್ಲಿ ನೀನು ಮೆದು, ನಾನು ಒರಟು. ಮದುವೆಯಾದೆ, ಅವನೂ ನಾಲ್ಕೇ ವರ್ಷಕ್ಕೆ ಮಣ್ಣಾದ. ನನಗೆ ಅಂತ ಇರುವುದು ಇದೊಂದು ಮುದುಕಿ. ಅವರನ್ನು ತೊಳೆದು, ತಲೆ ಬಾಚಿ, ತುತ್ತು ಮಾಡಿ ತಿನ್ನಿಸಿ ಒಂಬತ್ತು ವರ್ಷದಲ್ಲಿ ಗಳಿಸಿದ್ದು. ನೀನು ಬಂದರೆ ಒಂಬತ್ತು ದಿನ ಸಾಕು. ನೀನು ಕಷ್ಟಪಡುವುದೂ ಬೇಡ, ಸುಮ್ಮನೆ ಬಾಗಿಲಲ್ಲಿ ನಿಂತು ಹಾಡಿದರೆ ಆಯಿತು.

ಸ್ವಲ್ಪ ದಿನ. ಎರಡು ವಾರ, ಅಷ್ಟೇ. ಮಾಮಾಗೆ ವಯಸ್ಸಾಗಿದೆ, ಮರೆತರೂ ಮರೆಯಬಹುದು.

ಮೆಟಿಲ್ಡಾ


ಖಾಲಿದಿಯಾ
4 ನವೆಂಬರ್ 2012

ಸುಸನ್,

ನಿನ್ನನ್ನು ಇಲ್ಲಿಗೆ ಕರೆಸುವ ಮಾತು ಬಂದಿದೆ ಎಂದು ಡೆನಿಸ್ ನಿನಗೆ ಹೇಳಿರಬಹುದು. ಆಸೆ ಕಟ್ಟಿಕೊಳ್ಳಬೇಡ. ಮಗ ಪರದೇಶಕ್ಕೆ ಹೋಗಿದ್ದಾನೆ, ಬರುವುದು ಯಾವಾಗಲೋ. ದೊಡ್ಡವರ ಮಾತು, ಇವತ್ತು ಒಂದು, ನಾಳೆ ಇನ್ನೊಂದು. ಇದ್ದಲ್ಲಿ ಹೊಂದಿಕೊಂಡಿರು. ನಿನ್ನ ಬಾಯಿಯವರು ಎಷ್ಟೆಂದರೂ ನಮ್ಮ ಕಡೆಯವರು.

ಅಕ್ಕ,
ಮೆಟಿಲ್ಡಾ


ಅಲ್ ಐನ್
26 ನವೆಂಬರ್ 2012

ಅಕ್ಕನಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗಂಜಿ ಬಸಿಯುವಾಗ ಬಲಗೈ ಮೇಲೆ ಸ್ವಲ್ಪ ಬಿತ್ತು. ಬಾಯಿಯವರು ಟೂತ್‌ಪೇಸ್ಟ್ ಹಚ್ಚಿದರು. ಆಸ್ಪತ್ರೆಗೆ ಹೋದರೆ ಕಾರ್ಡು, ಪಾಸ್‌ಪೋರ್ಟು ಎಂದು ನೂರೆಂಟು ಕೇಳುತ್ತಾರೆ, ತಾನಾಗಿಯೇ ಒಣಗುತ್ತದೆ ಎಂದರು. ಒಣಗುತ್ತಿದೆ.

ಹಾಡಿನ ಇನ್ನೊಂದು ಸಾಲು ಮೊನ್ನೆ ಪಾತ್ರೆ ತೊಳೆಯುವಾಗ ನೆನಪಾಯಿತು. ಕೆಳಗೆ ಬರೆದಿದ್ದೇನೆ. ಮಾಮಾಗೆ ನೀನೇ ಹೇಳಿಕೊಡು. ನಾನು ಕಳಿಸಿದ್ದು ಎಂದು ಹೇಳಬೇಕೆಂದೇನೂ ಇಲ್ಲ.

ಅವರ ಮಗ ಪರದೇಶದಿಂದ ಬಂದರಾ?

ತಂಗಿ,
ಸುಸನ್


ಖಾಲಿದಿಯಾ
16 ಡಿಸೆಂಬರ್ 2012

ಸುಸನ್,

ಕ್ರಿಸ್ಮಸ್ಸಿಗೆ ಸಿಹಿ ನೆವರಿ ಕರಿದಿದ್ದೆ, ಡಬ್ಬಿಯಲ್ಲಿ ಕಳಿಸಿದ್ದೇನೆ. ಎಳ್ಳು ಜಾಸ್ತಿ ಹಾಕಿದ್ದೇನೆ, ನಿನಗೆ ಇಷ್ಟವೆಂದು. ಕೈಗೆ ಹಚ್ಚಲು ಒಂದು ಮುಲಾಮು ಕೂಡ ಇದೆ. ದಿನಕ್ಕೆ ಎರಡು ಸಲ ಹಚ್ಚು.

ಬೇರೇನೂ ವಿಶೇಷವಿಲ್ಲ.

ಮೆಟಿಲ್ಡಾ


ಖಾಲಿದಿಯಾ
13 ಜನವರಿ 2013

ಸುಸನ್,

ಡಿಸೆಂಬರಿನ ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ನಿನ್ನ ಎರಡು ಬೆರಳು ಮಡಿಸಲು ಬರುತ್ತಿಲ್ಲ, ಚರ್ಮ ಕೂಡಿಕೊಂಡಿದೆ ಎಂದು ಹೋದ ವಾರ ಡೆನಿಸ್ ಹೇಳಿದ. ಅವನು ನನ್ನ ಮುಖ ನೋಡದೆ ಹೇಳಿದ, ಚಹಾ ಕೂಡ ಕುಡಿಯದೆ ಹೋದ. ಆಗಲೂ ನಾನು ಪೆಟ್ಟಿಗೆ ತೆರೆಯಲಿಲ್ಲ. ಎರಡು ವಾರ ಎಂದುಕೊಂಡವಳು ಹತ್ತು ವಾರ ದಾಟಿಸಿದ್ದೆ, ಈಗ ಕೊಟ್ಟರೆ ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾರೆ ಎಂಬ ಭಯ.

ನಿನ್ನೆ ಮಾಮಾಗೆ ಸ್ನಾನ ಮಾಡಿಸುತ್ತಿದ್ದೆ. ಬೆನ್ನು ಉಜ್ಜುವಾಗ ಅವರಾಗಿಯೇ ತಾಯಿಯ ಕತೆ ತೆಗೆದರು. ಹಡಗಿನಲ್ಲಿ ಬಂದದ್ದು ತಾಯಿ ಒಬ್ಬಳೇ ಅಲ್ಲವಂತೆ, ಜೊತೆಗೆ ತಂಗಿಯೂ ಇದ್ದಳಂತೆ. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವಳಿಗೆ ಆರು. ಮುತ್ತಿನ ದೋಣಿಗಳ ಒಡೆಯನೊಬ್ಬ ಕೊಂಡು ಝಾಫ್ರಾನ್, ಮರ್ಜಾನ್ ಎಂದು ಹೆಸರಿಟ್ಟ. ಕೇಸರಿ, ಹವಳ. ನಮ್ಮ ಹಾಗೇ, ಕೊಂಡವರು ಇಟ್ಟ ಹೆಸರು. ಗಂಡಾಳುಗಳು ಕಾಲಿಗೆ ಕಲ್ಲು ಕಟ್ಟಿಕೊಂಡು ಮುತ್ತಿಗೆ ಮುಳುಗಬೇಕು, ಹೆಣ್ಣಾಳುಗಳು ಮನೆಗೆ ನೀರು ಹೊರಬೇಕು. ಆಗ ಈ ದಡಕ್ಕೆಲ್ಲ ಇಂಗ್ಲಿಷರೇ ದೊಡ್ಡವರು. ಆಳು ಮಾರಬಾರದು ಎಂಬ ಕಾನೂನೂ ಅವರದೇ. ಆದರೆ ಮುತ್ತು ಬೊಂಬಾಯಿಗೆ, ಅಲ್ಲಿಂದ ವಿಲಾಯಿತಿಗೆ ಹೋಗಬೇಕಲ್ಲ, ಮುಳುಗುವವರು ಯಾರು? ಅದಕ್ಕೇ ನೋಡಿಯೂ ನೋಡದ ಹಾಗಿದ್ದರು. ತಾವಾಗಿ ಓಡಿಬಂದು ಶಾರ್ಜಾದಲ್ಲಿ ಅವರ ಏಜೆಂಟನ ಕಚೇರಿ ಬಾಗಿಲು ತಟ್ಟಿದವರ ಹೇಳಿಕೆ ಬರೆದುಕೊಂಡು, ನಂಬಿಕೆ ಬಂದರೆ ಒಂದು ಬಿಡುಗಡೆ ಕಾಗದ ಕೊಡುತ್ತಿದ್ದರು. ಅಷ್ಟೇ ಅವರ ಧರ್ಮ.

ಹತ್ತು ವರ್ಷದ ಮೇಲೆ ಅಕ್ಕತಂಗಿ ಇಬ್ಬರೂ ಓಡಿದರು. ಮರಳಿನಲ್ಲಿ ಎರಡು ದಿನ ನಡೆದರು. ಕಚೇರಿಯ ಗುಮಾಸ್ತ ದೊಡ್ಡವಳನ್ನು ಮೊದಲು ಕೇಳಿದ, ಅವಳು ಹಡಗಿನ ಕತೆ ಹೇಳಿದಳು. ಆಮೇಲೆ ಚಿಕ್ಕವಳನ್ನು ತೋರಿಸಿ ಕೇಳಿದ: "ಇವಳನ್ನೂ ಹಡಗಿನಲ್ಲೇ ತಂದರಾ, ಇಲ್ಲಾ ಒಡೆಯನ ಮನೆಯಲ್ಲೇ ಹುಟ್ಟಿದವಳಾ?" ಮನೆಯಲ್ಲಿ ಹುಟ್ಟಿದವರಿಗೆ ಕಾಗದ ಸುಲಭವಿರಲಿಲ್ಲ. ಚಿಕ್ಕವಳಿಗೆ ಬಂದ ದಾರಿಯ ನೆನಪಿಲ್ಲ. ಅಕ್ಕ ಹೇಳಬೇಕು.

ಅಕ್ಕ ಸುಮ್ಮನಿದ್ದಳು.

ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು. ಒಡೆಯನ ಹೆಂಡತಿಗೆ ಮರ್ಜಾನ್ ಮೇಲೆ ಮುದ್ದು. ಅವಳಿಗೆ ಮಗಳ ಜಡೆ ಹೆಣೆಯುವ ಕೆಲಸ, ಹಳೆಯ ರೇಷ್ಮೆ ಅಂಗಿ. ಅಕ್ಕನಿಗೆ ನೀರಿನ ತೊಗಲುಚೀಲ. ಒಂದೇ ಕ್ಷಣ ಮನಸ್ಸು ಕಹಿಯಾಗಿ ನಾಲಿಗೆ ಕಟ್ಟಿತು ಎಂದು ತಾಯಿ ಹಾಸಿಗೆ ಹಿಡಿದ ಹೊಸದರಲ್ಲಿ ಮಗಳಿಗೆ ಹೇಳಿದಳಂತೆ. ಗುಮಾಸ್ತ ಬರೆದುಕೊಂಡ, ಮರ್ಜಾನ್‌ಳನ್ನು ವಾಪಸು ಕಳಿಸಿದರು. ಮೂರು ವರ್ಷದ ಮೇಲೆ ಹೆರಿಗೆಯಲ್ಲಿ ಸತ್ತಳೆಂಬ ಸುದ್ದಿ ಬಂತು.

ಮಾಮಾ ಹೇಳಿದರು: "ಹಾಡಿಗಾಗಿ ನಿನ್ನ ತಂಗಿಯನ್ನು ಕರೆಸು ಅಂದದ್ದಲ್ಲ ಮೆಟಿಲ್ಡಾ. ಹಾಡುವುದಕ್ಕೆ ನೀನಿದ್ದೀಯ. ಅಕ್ಕ ಹೊರಗಿದ್ದು ತಂಗಿ ಒಳಗಿರಬಾರದು, ಅದಕ್ಕೆ. ಕಾಪಿ ಇನ್ನೂ ಸಿಗಲಿಲ್ಲವಾ?"

ಒದ್ದೆ ಬಟ್ಟೆಯಲ್ಲೇ ಕೋಣೆಗೆ ಹೋಗಿ ಕಾಗದ ತಂದು ಅವರ ತೊಡೆಯ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲಿತ್ತು ಎಂದು ಕೇಳಲಿಲ್ಲ. ಟವೆಲ್ ಕೊಡು ಎಂದರು.

ಸುಸನ್, ಮಗ ಯಾವ ಪರದೇಶಕ್ಕೂ ಹೋಗಿರಲಿಲ್ಲ. ಅಕ್ಟೋಬರಿನಲ್ಲೇ ಕಾಪಿ ಕೇಳಿದ್ದರು. ನಿನ್ನ ಕೈ ಸುಟ್ಟ ದಿನ ಅದು ನನ್ನ ಪೆಟ್ಟಿಗೆಯಲ್ಲಿತ್ತು. ನಾನು ನೆವರಿ ಕರಿಯುವಾಗಲೂ ಅಲ್ಲೇ ಇತ್ತು. ಕಳಿಸದೆ ಇಟ್ಟಿದ್ದ ಒಂದು ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ, ಓದು. ನಿನ್ನ ಕಣ್ಣಲ್ಲಿ ಒಳ್ಳೆಯವಳಾಗಿ ಉಳಿಯುವ ಆಸೆಯನ್ನು ಬಿಟ್ಟಿದ್ದೇನೆ.

ಕ್ಷಮಿಸು. ನನ್ನ ಕೋಣೆಯಲ್ಲೇ ನಿನಗೆ ಹಾಸಿಗೆ ಹಾಕಿಸಿದ್ದೇನೆ, ಕಿಟಕಿಯ ಪಕ್ಕಕ್ಕೆ. ನಾಳೆ ಮಗ ಫೋನು ಮಾಡುತ್ತಾನೆ.

ಮೆಟಿಲ್ಡಾ


ಅಬುಧಾಬಿ ವಿಮಾನ ನಿಲ್ದಾಣ
29 ಜನವರಿ 2013

ಅಕ್ಕಾ,

ಡೆನಿಸ್ ಪಾರ್ಕಿಂಗ್‌ಗೆ ಹೋಗಿದ್ದಾನೆ. ಅವನು ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಮಾಮಾ ಅವರ ಮಗ ಫೋನು ಮಾಡಿದಾಗ ಬಾಯಿಯವರ ಗಂಡ ಎದ್ದುನಿಂತೇ ಮಾತಾಡಿದರು. ಸರ್, ಸರ್ ಎಂದು ಹತ್ತು ಸಲ ಅಂದಿರಬೇಕು. ಆಮೇಲೆ ಫೋನು ನನ್ನ ಕೈಗೆ ಬಂತು. ಅವರು ಹಿಂದಿಯಲ್ಲಿ ನಿಧಾನವಾಗಿ ಕೇಳಿದರು: "ನಿನಗೇನು ಬೇಕು? ಇಲ್ಲಿಗೆ ಬರುತ್ತೀಯಾ, ಬೇರೆ ಕೆಲಸ ನೋಡಲಾ, ಊರಿಗೆ ಹೋಗುತ್ತೀಯಾ?" ನನಗೇನು ಬೇಕು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ಬಾಯಿಯವರು ನೋಡುತ್ತಾ ನಿಂತಿದ್ದರು. ಊರಿಗೆ ಎಂದೆ.

ವೀಸಾ ರದ್ದಾಯಿತು. ಟಿಕೆಟ್ಟನ್ನು ಬಾಯಿಯವರೇ ತೆಗೆಸಬೇಕಾಯಿತು. ಪಾಸ್‌ಪೋರ್ಟ್ ಈಗ ನನ್ನ ತೊಡೆಯ ಮೇಲಿದೆ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಬೆರಳು ಬಿಡಿಸುತ್ತಾರಂತೆ, ನೋಡೋಣ.

ನಿನ್ನ ಕಳಿಸದ ಕಾಗದವನ್ನು ಓದಿದೆ. ಅದರಲ್ಲಿ ನನಗೆ ಹೊಸ ವಿಷಯ ಏನೂ ಇರಲಿಲ್ಲ. ಕಾಪಿ ಮಾಡಿಸಿದ್ದೇ ಡೆನಿಸ್ ಅಲ್ಲವಾ? ನವೆಂಬರಿನಲ್ಲೇ ನನಗೆ ಹೇಳಿದ್ದ. "ನಾನ ಹೋಗಿ ಮಾಮಾನ ಮಗನಿಗೆ ಹೇಳ್ತೀನಿ, ಇನ್ನೊಂದು ಕಾಪಿ ತಗಸ್ತೀನಿ" ಎಂದು ಕುಣಿದ. ನಾನೇ ಬೇಡ ಎಂದೆ. ಅಕ್ಕ ತಾನಾಗಿ ಕೊಡುತ್ತಾಳೆ, ಅಕ್ಕನನ್ನು ಮಾಮಾ ಎದುರು ಕಳ್ಳಿ ಮಾಡಬೇಡ ಎಂದೆ. ಅದಕ್ಕೇ ನಿನಗೆ ಬರೆದು ಕೇಳಿದ್ದು, ಮಗ ಪರದೇಶದಿಂದ ಬಂದರಾ ಎಂದು. ನೀನು ನೆವರಿ ಕಳಿಸಿದೆ.

ಸಿಟ್ಟು ಬಂದಿದೆ ಅಕ್ಕಾ. ಇಷ್ಟು ಸಿಟ್ಟು ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಬಾಯಿಯವರ ಮೇಲೆ ಇಷ್ಟು ಬರಲಿಲ್ಲ, ಅವರು ಹಾಗೇ ಎಂದು ನಮಗೆ ಮೊದಲಿಂದ ಗೊತ್ತು.

ಮಾಮಾ ನಿನಗೇ ಇರಲಿ. ಅವರನ್ನು ಚೆನ್ನಾಗಿ ನೋಡಿಕೋ, ಪಾಪ ಮುದುಕಿ. ಕಿಟಕಿಯ ಪಕ್ಕದ ಹಾಸಿಗೆ ತೆಗೆಸಿಬಿಡು.

ಕ್ಷಮಿಸು ಎಂದು ಬರೆದಿದ್ದೀಯ. ಕ್ಷಮಿಸುವುದಿಲ್ಲ ಎನ್ನುತ್ತಿಲ್ಲ. ನನ್ನ ಕಾಗದ ಹನ್ನೊಂದು ವಾರ ನಿನ್ನ ಹತ್ತಿರ ಇತ್ತಲ್ಲ, ನಿನ್ನದೂ ಸ್ವಲ್ಪ ದಿನ ನನ್ನ ಹತ್ತಿರ ಇರಲಿ.

ಸುಸನ್